ನಲವತ್ತಕ್ಕೂ ಮಾಣಿ, ಇಪ್ಪತ್ತನಾಲ್ಕಕ್ಕೆ ಮುದುಕ!



ಹೋಟೆಲಿನಲ್ಲಿ ಮೇಜು ಒರೆಸುವವನಿಗೆ ತಲೆ ನರೆತರೂ ಹೆಸರು 'ಮಾಣಿ' ಎಂದೇ. ಗಿರಾಕಿ ಕರೆಯುವುದೂ ಹಾಗೆಯೇ, ಗಲ್ಲಾದಲ್ಲಿ ಕುಳಿತ ಧಣಿ ಕರೆಯುವುದೂ ಹಾಗೆಯೇ. ನಲವತ್ತು ವರ್ಷದವನನ್ನು ಮಾಣಿಯೆಂದು ಕರೆದು ಮಾಣಿಯ ಸಂಬಳವನ್ನೇ ಕೊಡುವ ಈ ಲೋಕದಲ್ಲಿ, ಇಪ್ಪತ್ತನಾಲ್ಕು ವರ್ಷದ ಹುಡುಗನಿಗೆ 'ನಿನ್ನ ಪ್ರಾಯ ದಾಟಿತು, ಹೋಗು' ಎನ್ನುವ ಸ್ಥಳವೂ ಒಂದಿದೆ. ಅದು ನಮ್ಮ ದೇಶದ ಸೇನೆಯ ಬಾಗಿಲು!

ಮೊನ್ನೆ ರಾತ್ರಿ ಹೋಟೆಲುಗಳು ಮುಚ್ಚಿದ ಬಳಿಕ, ಘಾಟಕೋಪರದ ಕಡೆ ನಾವು ಹತ್ತು ಹದಿನೈದು ಮಂದಿ ಸೇರಿದ್ದೆವು. ಅಡುಗೆ ಕೆಲಸದ ಒಬ್ಬ ತರುಣ ಮೂಲೆಯಲ್ಲಿ ಮಾತಿಲ್ಲದೆ ಕುಳಿತಿದ್ದ. ಕೇಳಿದಾಗ ಮೊಬೈಲು ತೆಗೆದು ತೋರಿಸಿದ. "ಅಣ್ಣಾ, ಹತ್ತನೆಯದು ಪಾಸಾಗಿದೆ. ಓಟ ಓಡುತ್ತೇನೆ, ಭಾರ ಹೊರುತ್ತೇನೆ, ಐನೂರು ಜನರಿಗೆ ಅಡುಗೆ ಮಾಡುತ್ತೇನೆ. ಹುಟ್ಟಿದ ದಿನ ತುಂಬಿಸಿದ ಕೂಡಲೇ ಅರ್ಜಿ ಮುಂದೆ ಹೋಗುವುದಿಲ್ಲ" ಎಂದ. ಅವನ ಕೈಯಲ್ಲಿ ಅರ್ಜಿಗೆ ಬೇಕಾದದ್ದೆಲ್ಲ ಇತ್ತು, ವರ್ಷ ಮಾತ್ರ ಹೆಚ್ಚಾಗಿತ್ತು.

ಕೆಲವರು ನಕ್ಕರು. "ಸಂಘಕ್ಕೂ ಸೈನ್ಯಕ್ಕೂ ಏನು ಸಂಬಂಧ? ಸಂಬಳ, ರಜೆ, ಬೋನಸ್ಸಿನ ಮಾತಾಡಿ" ಎಂದರು. ನಾವು ನಗಲಿಲ್ಲ. ನಮ್ಮ ಹುಡುಗರೆಲ್ಲ ಸೈನ್ಯ ಸೇರಬೇಕೆಂದು ಹಟ ಹಿಡಿದವರು ನಾವಲ್ಲ. ಆದರೆ ಒಬ್ಬ ಕಾರ್ಮಿಕ ತನ್ನ ಬಾಳಿಗೆ ಬೇರೊಂದು ದಾರಿ ಆರಿಸಿಕೊಳ್ಳಬೇಕೆಂದಾಗ, ಆ ದಾರಿಯ ಬಾಗಿಲನ್ನು ಅವನು ಹುಟ್ಟಿದ ವರ್ಷ ನೋಡಿ ಮುಚ್ಚುವುದಾದರೆ, ಆ ವರ್ಷಗಳನ್ನು ತಿಂದವರು ಯಾರೆಂದು ಕೇಳುವುದು ಸಂಘದ ಕೆಲಸವೇ ಸರಿ.

ಮೊದಲು ನಿಯಮವನ್ನು ನೋಡೋಣ. 2022ರ ಜೂನ್ 14ರಂದು ಕೇಂದ್ರ ಸರಕಾರ ಅಗ್ನಿಪಥ ಯೋಜನೆಯನ್ನು ಪ್ರಕಟಿಸಿತು. ಸೇರುವ ಪ್ರಾಯ 17½ರಿಂದ 21. ಸೇವೆ ನಾಲ್ಕು ವರ್ಷ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ. ಅದರಲ್ಲಿ ನೂರಕ್ಕೆ ಮೂವತ್ತನ್ನು ಹಿಡಿದಿಟ್ಟು, ಅಷ್ಟನ್ನೇ ಸರಕಾರವೂ ಸೇರಿಸಿ, ಕೊನೆಗೆ ಬಡ್ಡಿಸಹಿತ ಸುಮಾರು 11.71 ಲಕ್ಷ ಕೊಡುವುದೆಂದು ಹೇಳಲಾಯಿತು. ನಾಲ್ಕು ವರ್ಷದ ಬಳಿಕ ನೂರಕ್ಕೆ ಇಪ್ಪತ್ತೈದು ಮಂದಿ ಉಳಿಯುವುದು, ಉಳಿದವರು ಮನೆಗೆ.

ಸೇನೆಯಲ್ಲಿ ಬಂದೂಕು ಹಿಡಿಯುವವರು ಮಾತ್ರ ಇರುವುದಲ್ಲ. 'ಟ್ರೇಡ್ಸ್‌ಮನ್' ಎಂಬ ಒಂದು ವರ್ಗವಿದೆ. ಅಡುಗೆಯವರು, ಬಡಿಸುವವರು, ದರ್ಜಿ, ಅಗಸ, ಕ್ಷೌರಿಕ ಎಲ್ಲರೂ ಅದರಲ್ಲಿ ಬರುತ್ತಾರೆ. ಹತ್ತನೆಯದು ಪಾಸಾದರೆ ಸಾಕು; ಮೆಸ್ ಕೀಪರ್, ಹೌಸ್ ಕೀಪರ್ ಕೆಲಸಕ್ಕೆ ಎಂಟನೆಯದೇ ಸಾಕು. ನಮ್ಮ ಜನರಿಗಾಗಿಯೇ ಬರೆದಂತಿದೆ! ಅಗ್ನಿಪಥಕ್ಕೆ ಮೊದಲು ಈ ವರ್ಗಕ್ಕೆ 23 ವರ್ಷದ ತನಕ ಅವಕಾಶವಿತ್ತು. ಹೊಸ ಯೋಜನೆ ಬಂದಾಗ ಅದನ್ನೂ 21ಕ್ಕೆ ಇಳಿಸಿದರು. ಬಡವನ ತಟ್ಟೆಯಿಂದ ಎರಡು ವರ್ಷ ಹೋಯಿತು. ಯಾರ ಕಣ್ಣಿಗೂ ಬೀಳಲಿಲ್ಲ.

ಅದೇ ಸೇನೆಯ ಬೇರೆ ಬಾಗಿಲುಗಳನ್ನು ನೋಡಿರಿ. ಸೇನೆಯ ಅಡುಗೆ ವ್ಯವಸ್ಥೆಯನ್ನು ನೋಡಿಕೊಳ್ಳಲು ಜೂನಿಯರ್ ಕಮಿಷನ್ಡ್ ಆಫೀಸರ್ (ಕೇಟರಿಂಗ್) ಎಂಬ ಹುದ್ದೆಯಿದೆ. ಅದಕ್ಕೆ ಹನ್ನೆರಡನೆಯ ತರಗತಿ ಮತ್ತು ಅಡುಗೆಯ ಅಥವಾ ಹೋಟೆಲ್ ಮ್ಯಾನೇಜ್‌ಮೆಂಟಿನ ಡಿಪ್ಲೊಮಾ ಬೇಕು. ಪ್ರಾಯ 21ರಿಂದ 27. ಡಾಕ್ಟರರಿಗೆ ಮೂವತ್ತರ ತನಕ ಬಾಗಿಲು ತೆರೆದಿದೆ. ಪೂಜೆ ಪ್ರಾರ್ಥನೆ ಮಾಡಿಸುವ ಧರ್ಮಗುರುಗಳು ಮೂವತ್ತು ದಾಟಿದ ಮೇಲೂ ಸೇರಬಹುದು. ಹಾಗಾದರೆ ಇಪ್ಪತ್ತೇಳು ವರ್ಷದ ದೇಹ ಒಲೆಯ ಬಳಿ ನಿಂತು ಆಜ್ಞೆ ಮಾಡಲು ಯೋಗ್ಯ, ಇಪ್ಪತ್ತನಾಲ್ಕು ವರ್ಷದ ದೇಹ ಅದೇ ಒಲೆಯ ಮುಂದೆ ಸೌಟು ಹಿಡಿಯಲು ಅಯೋಗ್ಯ! ಡಿಪ್ಲೊಮಾದ ಕಾಗದ ಕೈಯಲ್ಲಿದ್ದವನಿಗೆ ಪ್ರಾಯ ನಿಧಾನವಾಗಿ ಆಗುತ್ತದೆಯೇ? ಸೌಟು ಹಿಡಿದವನಿಗೆ ಬೇಗ ಆಗುತ್ತದೆಯೇ?

ಇನ್ನು ಆ ಹುಡುಗನ ವರ್ಷಗಳ ಲೆಕ್ಕ ಕೇಳಿರಿ. ಊರಿನಲ್ಲಿ ಏಳನೆಯದು ಮುಗಿಸಿದ. ಅಪ್ಪನಿಗೆ ಕಾಯಿಲೆ, ಶಾಲೆ ನಿಂತಿತು. ಹದಿನೈದಕ್ಕೆ ಮುಂಬಯಿ. ಮೊದಲು ಮೋರಿಯಲ್ಲಿ ತಟ್ಟೆ ತೊಳೆದ. ಆಮೇಲೆ ಹಿಟ್ಟು ರುಬ್ಬಿದ. ಆಮೇಲೆ ದೋಸೆ ಕಲ್ಲಿನ ಮುಂದೆ ನಿಂತ. ರಾತ್ರಿಶಾಲೆಗೆ ಹೆಸರು ಕೊಡಬೇಕೆನ್ನುವಷ್ಟರಲ್ಲಿ 2020ರ ಮಾರ್ಚ್ ಬಂತು. ಹೋಟೆಲೂ ಮುಚ್ಚಿತು, ಶಾಲೆಯೂ ಮುಚ್ಚಿತು, ಅವನು ಗಂಟು ಕಟ್ಟಿಕೊಂಡು ಊರಿಗೆ ಹೋದ. ತಿರುಗಿ ಬಂದು 2022ರಲ್ಲಿ ಎಂಟನೆಯ ತರಗತಿಗೆ ಸೇರಿದಾಗ ಅವನಿಗೆ ಇಪ್ಪತ್ತು. ಸಂಜೆಯ ಹೊತ್ತೇ ಹೋಟೆಲಿಗೆ ಗಿರಾಕಿಯ ಹೊತ್ತು. ಆ ಹೊತ್ತಿನಲ್ಲಿ ಶಾಲೆಗೆ ಬಿಡಬೇಕೆಂದು ಬೇಡಿಕೊಂಡು, ಬಿಟ್ಟದ್ದಕ್ಕೆ ಬದಲಾಗಿ ಬೆಳಿಗ್ಗೆ ನಾಲ್ಕಕ್ಕೆ ಎದ್ದು ದುಡಿದು, ಇಪ್ಪತ್ತಮೂರಕ್ಕೆ ಹತ್ತನೆಯದು ಪಾಸಾದ. ನಗರದ ಅನುಕೂಲಸ್ಥರ ಮನೆಯ ಹುಡುಗ ಹದಿನಾರಕ್ಕೆ ಹತ್ತಿದ ಮೆಟ್ಟಿಲನ್ನು ನಮ್ಮವನು ಏಳು ವರ್ಷ ತಡವಾಗಿ ಹತ್ತಿದ. ಆ ಏಳು ವರ್ಷ ಅವನು ಮಲಗಿದ್ದನೇ? ಮುಂಬಯಿಗೆ ಊಟ ಹಾಕುತ್ತಿದ್ದ!

ಇದು ಒಬ್ಬನ ಕಥೆಯಲ್ಲ. ಹೋಟೆಲು, ಢಾಬಾಗಳಲ್ಲಿ ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಸಕೂಡದೆಂಬ ಆಜ್ಞೆ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ನಮ್ಮಲ್ಲಿ ಅನೇಕರು ಅದಕ್ಕೆ ಮೊದಲೇ ಮೋರಿಯ ಬಳಿ ಕುಳಿತವರು. ನಮ್ಮ ಹಿಂದಿನ ತಲೆಮಾರಿಗೆ ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಆಸರೆಯಾಗಿದ್ದವು. ಹಗಲು ಫಡ್ಕಾ, ರಾತ್ರಿ ಪುಸ್ತಕ ಹಿಡಿದು ಅಲ್ಲಿಂದ ಬ್ಯಾಂಕು ಸೇರಿದವರಿದ್ದಾರೆ, ವಕೀಲರಾದವರಿದ್ದಾರೆ, ಹೋಟೆಲಿನ ಧಣಿಗಳೇ ಆದವರಿದ್ದಾರೆ. ಇಂದು ಆ ಶಾಲೆಗಳು ಬೆರಳೆಣಿಕೆಯಷ್ಟು. ರಾತ್ರಿ ಓದಿದವನು ತಡವಾಗಿ ಓದಿದವನು. ಅವನ ತಡವನ್ನು ಅಪರಾಧವೆಂದು ಎಣಿಸುವ ನಿಯಮವು ರಾತ್ರಿಶಾಲೆಯನ್ನೇ ಅವಮಾನಿಸುವ ನಿಯಮ.

ಎದುರು ಪಕ್ಷದ ಮಾತನ್ನೂ ನ್ಯಾಯವಾಗಿ ಕೇಳೋಣ. ಸೇನೆ ತರುಣವಾಗಿರಬೇಕು ಎನ್ನುತ್ತಾರೆ. 1999ರ ಕಾರ್ಗಿಲ್ ಯುದ್ಧದ ಬಳಿಕ ನೇಮಿಸಿದ ಪರಿಶೀಲನಾ ಸಮಿತಿಯೂ ಅದನ್ನೇ ಹೇಳಿತು. ಸೈನಿಕರ ಸರಾಸರಿ ಪ್ರಾಯ 32 ಇದೆ, ಅದನ್ನು 26ಕ್ಕೆ ಇಳಿಸಬೇಕೆಂದು ಅಗ್ನಿಪಥದ ಕಾಲದಲ್ಲಿ ಅಧಿಕಾರಿಗಳು ವಿವರಿಸಿದರು. ಹದಿನೈದು ಸಾವಿರ ಅಡಿ ಎತ್ತರದಲ್ಲಿ, ಉಸಿರು ಸಿಕ್ಕದ ಚಳಿಯಲ್ಲಿ ಭಾರ ಹೊತ್ತು ಹತ್ತಲು ತರುಣರೇ ಬೇಕು. ಒಪ್ಪಿದೆವು. ಸೇನೆಯ ಅಡುಗೆಯವನೂ ಮೊದಲು ಸೈನಿಕನೇ, ಸಮಯ ಬಂದರೆ ಬಂದೂಕು ಹಿಡಿಯಬೇಕಾದವನೇ, ಅದನ್ನೂ ಒಪ್ಪಿದೆವು. ಹಾಗಾದರೆ ಓಡಿಸಿ ನೋಡಿರಿ, ಎದೆ ಅಳೆಯಿರಿ, ಡಾಕ್ಟರರಿಂದ ಪರೀಕ್ಷೆ ಮಾಡಿಸಿರಿ. ಓಡಲಾರದವನನ್ನು ಹಿಂದಕ್ಕೆ ಕಳುಹಿಸಿರಿ. ನಾವು ಚಕಾರ ಎತ್ತುವುದಿಲ್ಲ. ಓಡಿಸಿ ನೋಡುವ ಮೊದಲೇ ಇವನು ಓಡಲಾರನೆಂದು ಬರೆದಿಡುವುದು ಯಾವ ನ್ಯಾಯ?

ಅದೇ ಗಡಿಯಲ್ಲಿ, ಅದೇ ಚಳಿಯಲ್ಲಿ ಗಡಿ ಭದ್ರತಾ ಪಡೆಯೂ ನಿಂತಿದೆ. 2025ರಲ್ಲಿ ಆ ಪಡೆ ಅಡುಗೆಯವರು ಮೊದಲಾದ ಕಾನ್‌ಸ್ಟೇಬಲ್ ಟ್ರೇಡ್ಸ್‌ಮನ್‌ಗಳನ್ನು ಕರೆದಾಗ ಪ್ರಾಯ 18ರಿಂದ 25 ಎಂದಿತ್ತು; ಹಿಂದುಳಿದ ವರ್ಗದವರಿಗೆ ಇನ್ನೂ ಮೂರು ವರ್ಷ, ಪರಿಶಿಷ್ಟರಿಗೆ ಐದು ವರ್ಷ ಸಡಿಲಿಕೆ. ಗೃಹ ಇಲಾಖೆಯ ಒಲೆಯ ಮುಂದೆ ಇಪ್ಪತ್ತೈದು ವರ್ಷದವನು ತರುಣ, ರಕ್ಷಣಾ ಇಲಾಖೆಯ ಒಲೆಯ ಮುಂದೆ ಮುದುಕ. ಇದು ದೇಹದ ಶಾಸ್ತ್ರವಲ್ಲ ಬಂಧುಗಳೇ, ಕಚೇರಿಯ ಶಾಸ್ತ್ರ!

ಕಚೇರಿಯ ಶಾಸ್ತ್ರ ಎಷ್ಟು ಬೇಗ ಬದಲಾಗುತ್ತದೆಂಬುದಕ್ಕೂ ಸಾಕ್ಷಿಯಿದೆ. ಕೊರೊನಾ ನಿಮಿತ್ತ ಎರಡು ವರ್ಷ ಭರ್ತಿ ನಡೆದಿರಲಿಲ್ಲ. ಕಾದು ಕುಳಿತವರ ಪ್ರಾಯ ದಾಟಿತ್ತು. 2022ರ ಜೂನ್ 14ರಂದು 21 ಎಂದು ಸಾರಿದರು. ಬಿಹಾರವೇ ಮೊದಲಾದ ಕಡೆ ತರುಣರು ಬೀದಿಗಿಳಿದರು, ರೈಲುಗಳು ಸುಟ್ಟವು. ಜೂನ್ 16ರಂದು, ಆ ಒಂದು ವರ್ಷದ ಮಟ್ಟಿಗೆ, 23 ಎಂದು ತಿದ್ದಿದರು. ಎರಡೇ ದಿನಗಳಲ್ಲಿ ಎರಡು ವರ್ಷ ಹಿಗ್ಗಿತು. ರೈಲು ಸುಡುವುದನ್ನು ನಾವು ಒಪ್ಪುವವರಲ್ಲ. ಆ ರೈಲಿನಲ್ಲೇ ನಾವು ಊರಿಗೆ ಹೋಗಬೇಕು. ಆದರೆ ಬೆಂಕಿಗೆ ಹಿಗ್ಗುವ ನಿಯಮ ಮನವಿಗೆ ಯಾಕೆ ಹಿಗ್ಗಕೂಡದು?

ಬೇರೆ ದೇಶಗಳಲ್ಲೂ ಇದೇ ಕಥೆ. 1939ರಲ್ಲಿ ಯುದ್ಧ ಬಂದಾಗ ಬ್ರಿಟನ್ 18ರಿಂದ 41ರ ತನಕದ ಗಂಡಸರನ್ನು ಕರೆಯಿತು. 1941ರ ಡಿಸೆಂಬರಿನಲ್ಲಿ ಅದನ್ನು 51ಕ್ಕೆ ಏರಿಸಿತು. ಅಮೆರಿಕದ ಭೂಸೇನೆ ಇರಾಕ್ ಯುದ್ಧದ ಕಾಲದಲ್ಲಿ ಜನ ಸಾಲದೆ 2006ರಲ್ಲಿ 42ರ ತನಕ ಸೇರಿಸಿಕೊಂಡಿತು. ರಷ್ಯಾ 2022ರ ಮೇ ತಿಂಗಳಲ್ಲಿ, ಒಪ್ಪಂದದ ಮೇಲೆ ಸೇರುವವರಿಗಿದ್ದ 40ರ ಮಿತಿಯನ್ನೇ ತೆಗೆದುಹಾಕಿತು. ಸರಕಾರಕ್ಕೆ ದೇಹ ಬೇಕಾದಾಗ ಪ್ರಾಯ ಅಡ್ಡ ಬರುವುದಿಲ್ಲ. ಬಡವನಿಗೆ ಬಾಳು ಬೇಕಾದಾಗ ಮಾತ್ರ ಅದು ಗೋಡೆಯಾಗುತ್ತದೆ.

ಇನ್ನೊಂದು ವಿಚಿತ್ರ. ಇಪ್ಪತ್ತೊಂದಕ್ಕೆ ಸೇರಿದ ಅಗ್ನಿವೀರ ಇಪ್ಪತ್ತೈದಕ್ಕೆ ಹೊರಬರುತ್ತಾನೆ. ಅವನಿಗೆ ಸರಕಾರ ಹೇಳುವುದೇನು? "ನೀನು ಇನ್ನೂ ತರುಣ, ಬಾಳು ನಿನ್ನ ಮುಂದಿದೆ, ಹೋಗಿ ಹೊಸ ಉದ್ಯೋಗ ಹಿಡಿ." ಅದೇ ಇಪ್ಪತ್ತೈದರ ನಮ್ಮ ಅಡುಗೆಯವನಿಗೆ ಹೇಳುವುದೇನು? "ನಿನ್ನ ಕಾಲ ಮುಗಿಯಿತು." ಹೊರಗೆ ಕಳುಹಿಸುವಾಗ ತರುಣ, ಒಳಗೆ ಬರುವಾಗ ಮುದುಕ! ಹಾಗೆ ಹೊರಬಂದವರು ಕೆಲಸ ಹುಡುಕುತ್ತ ನಿಲ್ಲುವುದೂ ನಮ್ಮ ಸಾಲಿನಲ್ಲೇ ಎಂಬುದನ್ನು ಮರೆಯಬಾರದು. ಅವರು ನಮ್ಮ ಶತ್ರುಗಳಲ್ಲ, ನಮ್ಮವರೇ.

ಪ್ರಾಯವೆಂದರೇನು, ಕಾಗದದ ಮೇಲಿನ ಅಂಕೆ. ನಮ್ಮ ತಲೆಮಾರಿನಲ್ಲಿ ಎಷ್ಟು ಜನ ಜೂನ್ 1ರಂದು ಹುಟ್ಟಿದ್ದಾರೆ, ಎಣಿಸಿ ನೋಡಿರಿ! ಅಮ್ಮನಿಗೆ ನೆನಪಿರುವುದು ಮಳೆ ಹಿಡಿದ ದಿನವೋ ಜಾತ್ರೆಯ ಮರುದಿನವೋ. ಮಾಸ್ತರರು ಒಂದನೆಯ ತರಗತಿಗೆ ಸೇರಿಸಲು ಕೂಡಿಬರುವಂತೆ ಒಂದು ದಿನ ಬರೆದುಕೊಂಡರು. ಅದೇ ನಮಗೆ ಅಂಟಿತು. ಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ವಿ. ಕೆ. ಸಿಂಗ್ ಅವರಿಗೇ ಈ ತೊಡಕು ತಪ್ಪಲಿಲ್ಲ. ಒಂದು ದಾಖಲೆಯಲ್ಲಿ 1950ರ ಮೇ 10, ಇನ್ನೊಂದರಲ್ಲಿ 1951ರ ಮೇ 10. ಅವರು ಸುಪ್ರೀಂ ಕೋರ್ಟಿನ ತನಕ ಹೋದರು. 2012ರ ಫೆಬ್ರವರಿಯಲ್ಲಿ ಅರ್ಜಿಯನ್ನು ಹಿಂದಕ್ಕೆ ಪಡೆದರು. ದಂಡನಾಯಕನ ಪ್ರಾಯದ ವಾದ ದೇಶದ ಅತ್ಯುಚ್ಚ ನ್ಯಾಯಾಲಯದಲ್ಲಿ ನಡೆಯಿತು. ನಮ್ಮವನ ವಾದ ಕೇಳಲು ಒಬ್ಬ ಗುಮಾಸ್ತನೂ ಇಲ್ಲ. ಇರುವುದು ಮೊಬೈಲಿನ ಪರದೆ.

ಈಗ ತೆರೆದಿರುವ ಒಂದು ಬಾಗಿಲಿನ ಮಾತು. ಅದನ್ನು ನಮ್ಮವರಲ್ಲಿ ಬಹಳ ಮಂದಿ ಅರಿತಿಲ್ಲ. 1948ರ ಕಾನೂನಿನಂತೆ ಸ್ಥಾಪನೆಯಾಗಿ, 1949ರ ಅಕ್ಟೋಬರ್ 9ರಂದು ರಾಜಾಜಿಯವರಿಂದ ಉದ್ಘಾಟಿತವಾದ ಟೆರಿಟೋರಿಯಲ್ ಆರ್ಮಿ ಎಂಬ ಪಡೆಯಿದೆ. ತನ್ನ ಉದ್ಯೋಗದಲ್ಲಿದ್ದುಕೊಂಡೇ ವರ್ಷಕ್ಕೆ ಇಷ್ಟು ದಿನವೆಂದು ತರಬೇತಿ ಪಡೆದು, ಕರೆ ಬಂದಾಗ ಸೇವೆಗೆ ಹೋಗುವುದು ಅದರ ಕ್ರಮ. ಅಲ್ಲಿ ಪ್ರಾಯ 18ರಿಂದ 42. ಅಧಿಕಾರಿಗೂ ಅಷ್ಟೇ, ಜವಾನನಿಗೂ ಅಷ್ಟೇ. ಸಂಸದ ಅನುರಾಗ್ ಠಾಕೂರ್ 2016ರಲ್ಲಿ ಅದರಲ್ಲಿ ಲೆಫ್ಟಿನೆಂಟ್ ಆದಾಗ ಅವರಿಗೆ 41 ವರ್ಷ. ನಮಗೆ ಹೊಟ್ಟೆಕಿಚ್ಚಿಲ್ಲ, ಆ ಬಾಗಿಲಿನಿಂದ ನಮ್ಮವರೂ ಹೋಗಲಿ. ಅಡುಗೆಯವರಿಗೂ ಅಲ್ಲಿ ಸ್ಥಾನವಿದೆ.

ಆದರೆ ಒಂದು ತೊಡಕು. ಅದು ಹೊಟ್ಟೆಪಾಡಲ್ಲ, ತರಬೇತಿಯ ಮತ್ತು ಸೇವೆಯ ದಿನಗಳಿಗೆ ಮಾತ್ರ ಸಂಬಳ. ಬೇರೆ ಜೀವನೋಪಾಯ ಇದ್ದವನಿಗೆಂದೇ ಆ ಪಡೆ. ಸೇವೆಗೆ ಹೋಗಿ ಬಂದವನನ್ನು ಮಾಲಕ ತಿರುಗಿ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ಆ ಕಾನೂನೇ ಹೇಳುತ್ತದೆ. ಬಹಳ ಒಳ್ಳೆಯ ಕಾನೂನು! ಆದರೆ ನಮ್ಮವನು ಕೆಲಸದಲ್ಲಿದ್ದಾನೆಂದು ತೋರಿಸುವ ಕಾಗದವೆಲ್ಲಿದೆ? ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ, ನೇಮಕ ಪತ್ರವಿಲ್ಲ, ಸಂಬಳದ ಚೀಟಿಯಿಲ್ಲ. ಒಂಬತ್ತು ವರ್ಷ ದುಡಿದವನು ಕಾಗದದಲ್ಲಿ ಒಂದು ದಿನವೂ ದುಡಿದಿಲ್ಲ. ಎರಡು ತಿಂಗಳು ಹೋಗಿ ಬಂದರೆ ಅವನ ಜಾಗದಲ್ಲಿ ಬೇರೊಬ್ಬ ನಿಂತಿರುತ್ತಾನೆ. ಸೇನೆ ಪ್ರಾಯ ನೋಡಿ ಬಾಗಿಲು ಮುಚ್ಚಿದರೆ, ಧಣಿ ಕಾಗದ ಕೊಡದೆ ಬಾಗಿಲು ಮುಚ್ಚುತ್ತಾನೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಕಾರ್ಮಿಕ ಸಂಹಿತೆಗಳಲ್ಲಿ ನಾವು ಒಪ್ಪದ ಮಾತುಗಳು ಹಲವಿವೆ. ಆದರೆ ಕೆಲಸಗಾರನಿಗೆ ನೇಮಕ ಪತ್ರ ಕೊಡಬೇಕೆಂಬ ಮಾತೂ ಅವುಗಳಲ್ಲಿದೆ. ಅದನ್ನು ಕೇಳಿ ಪಡೆಯೋಣ.

ಧಣಿಗಳಿಗೂ ಎರಡು ಮಾತು. ಆಗಸ್ಟ್ 15ಕ್ಕೆ ನೀವು ಗಲ್ಲಾದ ಮೇಲೆ ಧ್ವಜ ನೆಡುತ್ತೀರಿ. ಸೈನಿಕ ನಿಧಿಗೆ ಚೆಕ್ಕು ಕೊಟ್ಟು ಫೋಟೊ ತೆಗೆಸಿಕೊಳ್ಳುತ್ತೀರಿ. ಸಂತೋಷ. ನಿಮ್ಮ ಹೋಟೆಲಿನ ಹುಡುಗ ಮಂಗಳೂರಿಗೋ ಬೆಳಗಾವಿಗೋ ಭರ್ತಿಗೆ ಹೋಗಿ ಬರಲು ನಾಲ್ಕು ದಿನ ರಜೆ ಕೇಳಿದರೆ ಸಂಬಳ ಕಡಿಯುವುದೇಕೆ? ನೆಂಟರ ಮೇಲೆ ಪ್ರೀತಿ, ಅಕ್ಕಿಯ ಮೇಲೆ ಆಸೆ ಎಂದರೆ ಇದೇ. ಅವನ ವಾಸದ ದಾಖಲೆ ಊರಿನದು. ಮುಂಬಯಿಯ ಭರ್ತಿ ಅವನಿಗೆ ಸಿಕ್ಕುವುದಿಲ್ಲ, ಊರಿಗೇ ಹೋಗಬೇಕು. ರಜೆಯಿಲ್ಲದೆ ಕಳೆದ ಒಂದೊಂದು ವರ್ಷವೂ ಅವನ ಪ್ರಾಯದಿಂದ ಕಳೆಯುವ ವರ್ಷ.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಾವು ಸಂಘದವರು ಇಷ್ಟು ವರ್ಷ ಈ ವಿಷಯ ಎತ್ತಲಿಲ್ಲ. ಹದಿನೆಂಟು ತುಂಬಿದ ಹುಡುಗನನ್ನು ಕೂರಿಸಿ, "ನಿನಗಿರುವುದು ಇನ್ನು ಮೂರೇ ವರ್ಷ, ಎಂಟನೆಯದನ್ನಾದರೂ ಈಗಲೇ ಮುಗಿಸು" ಎಂದು ಹೇಳಲಿಲ್ಲ. ಹೇಳಿದ್ದರೆ ಕೆಲವರಾದರೂ ತಲುಪುತ್ತಿದ್ದರು. ಪ್ರಾಯ ತಿದ್ದಿಸಿಕೊಡುತ್ತೇನೆ, ಭರ್ತಿ ಮಾಡಿಸುತ್ತೇನೆ ಎಂದು ಹಣ ಕೇಳುವ ದಲ್ಲಾಳಿಗಳ ಬಾಯಿಗೆ ಹುಡುಗರು ಬೀಳುವುದು ನಾವು ಬಾಯಿ ಮುಚ್ಚಿಕೊಂಡಿರುವುದರಿಂದಲೇ. ತಿದ್ದಿದ ದಾಖಲೆ ಸೇನೆಗೆ ಒಯ್ಯುವುದಿಲ್ಲ, ಜೈಲಿಗೆ ಒಯ್ಯುತ್ತದೆ. ಒಂದು ಬಿಡಿಕಾಸೂ ಕೊಡಬೇಡಿರಿ.

ನಮ್ಮ ಬೇಡಿಕೆಗಳು ಇವು. ಒಂದು, ಟ್ರೇಡ್ಸ್‌ಮನ್ ವರ್ಗಕ್ಕೆ, ಮುಖ್ಯವಾಗಿ ಅಡುಗೆಯ ಕೆಲಸಕ್ಕೆ, 27ರ ತನಕ ಅವಕಾಶ ಕೊಡಬೇಕು. ದೇಹಪರೀಕ್ಷೆ ಎಲ್ಲರಿಗೂ ಒಂದೇ ಇರಲಿ. ಒಂದು ವರ್ಷ ಹಿಗ್ಗಿಸಿ ಕೈ ತೊಳೆದುಕೊಂಡರೆ ಸಾಲದು. ಎರಡು, ದುಡಿಯುತ್ತ ರಾತ್ರಿಶಾಲೆಯಲ್ಲಿ ಓದಿ ಪಾಸಾದವನಿಗೆ, ಶಾಲೆಯ ದಾಖಲೆಯ ಆಧಾರದಿಂದ, ಪ್ರಾಯದಲ್ಲಿ ಸಡಿಲಿಕೆ ಕೊಡಬೇಕು. ಮೂರು, ಪ್ರತಿಯೊಬ್ಬ ಹೋಟೆಲು ಕಾರ್ಮಿಕನಿಗೂ ನೇಮಕ ಪತ್ರ. ಭರ್ತಿಗೆ ಹೋಗುವವನಿಗೆ ಸಂಬಳಸಹಿತ ರಜೆ. ನಾಲ್ಕು, ಸೇನೆಯ, ಗಡಿ ಪಡೆಯ, ಟೆರಿಟೋರಿಯಲ್ ಆರ್ಮಿಯ ಪ್ರಕಟಣೆಗಳನ್ನು ಕನ್ನಡದಲ್ಲಿ ಬರೆದು ಪ್ರತಿಯೊಂದು ಕನ್ನಡ ಸಂಘದ ಹಲಗೆಯ ಮೇಲೆ ಹಚ್ಚಬೇಕು. ಈ ನಾಲ್ಕನೆಯದಕ್ಕೆ ದಿಲ್ಲಿಯ ಅಪ್ಪಣೆ ಬೇಡ. ನಮ್ಮ ಸಂಘ ನಾಳೆಯೇ ತೊಡಗುತ್ತದೆ.

ಮಂಗಳೂರಿನಲ್ಲಿ ಹೋಟೆಲು ಮತ್ತು ಸಾರಿಗೆಯ ಕಾರ್ಮಿಕರನ್ನು ಸಂಘಟಿಸಿ, ಬಳಿಕ ಮುಂಬಯಿಗೆ ಬಂದು ಚೌಪಾಟಿಯ ಬೆಂಚಿನ ಮೇಲೆ ಮಲಗಿದ ಜಾರ್ಜ್ ಫರ್ನಾಂಡಿಸ್ 1998ರಲ್ಲಿ ದೇಶದ ರಕ್ಷಣಾ ಮಂತ್ರಿಯಾದರು. ಸಿಯಾಚಿನ್‌ನ ಜವಾನರಿಗೆ ಬೇಕಾದ ಹಿಮವಾಹನಗಳ ಕಡತವನ್ನು ತಡೆಹಿಡಿದ ಅಧಿಕಾರಿಗಳನ್ನು ಅವರು ಸಿಯಾಚಿನ್‌ಗೇ ಕಳುಹಿಸಿದರೆಂಬುದು ಪ್ರಸಿದ್ಧ. ಪ್ರಾಯದ ಮಿತಿ ಬರೆಯುವ ಅಧಿಕಾರಿಗಳೇ, ನೀವು ಅಷ್ಟು ದೂರ ಹೋಗುವುದು ಬೇಡ. ಒಂದು ದಿನ ಬೆಳಿಗ್ಗೆ ನಾಲ್ಕಕ್ಕೆ ನಮ್ಮ ಅಡುಗೆಮನೆಗೆ ಬನ್ನಿರಿ. ದೋಸೆ ಕಲ್ಲಿನ ಮುಂದೆ ಆ ಇಪ್ಪತ್ತನಾಲ್ಕರ 'ಮುದುಕ'ನ ಪಕ್ಕದಲ್ಲಿ ಹತ್ತು ತಾಸು ನಿಂತುಕೊಳ್ಳಿರಿ. ಆಮೇಲೆ, ಕೈ ಎತ್ತಲು ಆದರೆ, ಅದೇ ಕೈಯಿಂದ ಬರೆಯಿರಿ, ಪ್ರಾಯ ದಾಟಿದವರು ಯಾರೆಂದು.

ಆ ಹುಡುಗನಿಗೆ ನಾವು ಗಡಿ ಭದ್ರತಾ ಪಡೆಯ ಹಳೆಯ ಪ್ರಕಟಣೆಯನ್ನು ಓದಿ ಹೇಳಿದೆವು. ಇಪ್ಪತ್ತೈದು ತುಂಬಲು ಅವನಿಗೆ ಇನ್ನೂ ಕೆಲವು ತಿಂಗಳಿವೆ. ಮುಂದಿನ ಪ್ರಕಟಣೆ ಬಂದ ದಿನ ಅವನ ಅರ್ಜಿಯನ್ನು ಸಂಘದಲ್ಲೇ ಕುಳಿತು ತುಂಬಿಸುತ್ತೇವೆ. ಅವನಂಥವರು ಇನ್ನೆಷ್ಟು ಮಂದಿ ಇದ್ದೀರಿ? ಕೈಯಲ್ಲಿ ಶಾಲೆಯ ಕಾಗದ ಹಿಡಿದು, ಮುಂದಿನ ಸೋಮವಾರ ಹೋಟೆಲು ಮುಚ್ಚಿದ ಮೇಲೆ ಬನ್ನಿರಿ.